ಕಣ್ಣು ಮುಂದೆ ಬಂದಿದೆ, ಮೂಲ ಸೈನಸ್‌ನಲ್ಲಿದೆ: ಮ್ಯೂಕೋಸೀಲ್ ಪತ್ತೆಯಿಂದ ಶಸ್ತ್ರಚಿಕಿತ್ಸೆಯವರೆಗೆ

ಒಂದು ಕಣ್ಣು ಇನ್ನೊಂದಕ್ಕಿಂತ ಸ್ವಲ್ಪ ಮುಂದೆ ಬಂದಂತೆ ಕಾಣುತ್ತದೆ. ನೋವಿಲ್ಲ, ಕೆಂಪಿಲ್ಲ, ನೆಗಡಿಯೂ ಇಲ್ಲ. ಕನ್ನಡಕ ಯಾಕೋ ಸರಿಯಾಗಿ ಕೂರುತ್ತಿಲ್ಲ ಎಂದು ಅಂಗಡಿಗೆ ಹೋಗಿ ಕಡ್ಡಿ ಬಗ್ಗಿಸಿಕೊಂಡು ಬರುತ್ತಾರೆ. ಯಾವಾಗಲೋ ಹಳೆಯ ಮದುವೆ ಫೋಟೋ ಕೈಗೆ ಸಿಕ್ಕಾಗ ಮನೆಯವರಿಗೆ ಹೊಳೆಯುತ್ತದೆ, ಎರಡು ವರ್ಷದ ಹಿಂದೆ ಈ ಕಣ್ಣು ಹೀಗಿರಲಿಲ್ಲ ಎಂದು. ಹೀಗೆ ಕಣ್ಣಿನ ಡಾಕ್ಟರ ಹತ್ತಿರ ಬರುವ ಕೆಲವರಿಗೆ ಕಾಯಿಲೆ ಇರುವುದು ಕಣ್ಣಿನಲ್ಲಲ್ಲ. ಪಕ್ಕದ ಸೈನಸ್‌ನಲ್ಲಿ ಲೋಳೆ ತುಂಬಿ ಹಿಗ್ಗಿದ ಚೀಲವೊಂದು ನಡುವಿನ ಎಲುಬಿನ ಗೋಡೆಯನ್ನು ಸವೆಸಿಕೊಂಡು ಕಣ್ಣುಗೂಡಿಗೆ ನುಗ್ಗಿರುತ್ತದೆ. ಅದರ ಹೆಸರು ಮ್ಯೂಕೋಸೀಲ್.

ಇದು ಕ್ಯಾನ್ಸರ್ ಅಲ್ಲ, ಬೇರೆ ಅಂಗಕ್ಕೆ ಹರಡುವುದಿಲ್ಲ. ಆದರೆ ಅಕ್ಕಪಕ್ಕದ್ದನ್ನು ಒತ್ತಿ ಸರಿಸುವುದರಲ್ಲಿ ಗೆಡ್ಡೆಗಿಂತ ಕಮ್ಮಿಯೇನಲ್ಲ. ಗುಳಿಗೆಗೆ ಕರಗುವುದಿಲ್ಲ, ಆಪರೇಷನ್ನೇ ಆಗಬೇಕು. ಈಗ ಆ ಆಪರೇಷನ್ ಬಹುಪಾಲು ಮೂಗಿನ ಹೊಳ್ಳೆಯ ಒಳಗಿಂದಲೇ ನಡೆಯುತ್ತದೆ, ಮುಖದ ಮೇಲೆ ಕಲೆ ಉಳಿಯುವುದಿಲ್ಲ, ಚೀಲವನ್ನು ಕಿತ್ತು ತೆಗೆಯುವುದೂ ಇಲ್ಲ. ಈ ಕೊನೆಯ ಮಾತು ಕೇಳಿ ರೋಗಿಯ ಕಡೆಯವರು ಗಾಬರಿಯಾಗುತ್ತಾರೆ: ಚೀಲವನ್ನು ಒಳಗೇ ಬಿಟ್ಟರೆ ಮತ್ತೆ ತುಂಬುವುದಿಲ್ಲವೇ? ಯಾಕೆ ತುಂಬುವುದಿಲ್ಲ ಎಂಬುದು ತಿಳಿದರೆ ಈ ಕಾಯಿಲೆಯ ಅರ್ಧ ತಿಳಿದಂತೆ.

ಬಾಯಿ ಕಟ್ಟಿಕೊಂಡ ಸೈನಸ್

ಮುಖದ ಎಲುಬಿನೊಳಗೆ ಗಾಳಿ ತುಂಬಿದ ನಾಲ್ಕು ಜೊತೆ ಗೂಡುಗಳಿವೆ. ಹುಬ್ಬಿನ ಮೇಲೆ ಹಣೆಯಲ್ಲಿ ಫ್ರಾಂಟಲ್, ಎರಡು ಕಣ್ಣಿನ ನಡುವೆ ಜೇನುಗೂಡಿನಂತೆ ಸಣ್ಣ ಸಣ್ಣ ಕೋಣೆಗಳ ಎಥ್ಮಾಯ್ಡ್, ಕೆನ್ನೆಯೊಳಗೆ ಮ್ಯಾಕ್ಸಿಲರಿ, ಮೂಗಿನ ತೀರಾ ಹಿಂದೆ ತಲೆಯ ನಡುಮಧ್ಯದ ಹತ್ತಿರ ಸ್ಫಿನಾಯ್ಡ್. ಇವುಗಳ ಒಳಗೋಡೆಯ ಪೊರೆ ದಿನವಿಡೀ ಲೋಳೆ ಒಸರುತ್ತದೆ. ಪೊರೆಯ ಮೇಲಿನ ಸೂಕ್ಷ್ಮ ರೋಮಗಳು ಆ ಲೋಳೆಯನ್ನು ಒಂದೇ ದಿಕ್ಕಿಗೆ ತಳ್ಳುತ್ತಾ ಸೈನಸ್‌ನ ಸಹಜ ಬಾಯಿಗೆ ಒಯ್ಯುತ್ತವೆ. ಕೆನ್ನೆಯ ಸೈನಸ್‌ನಲ್ಲಿ ಆ ಬಾಯಿ ಮೇಲ್ಭಾಗದಲ್ಲಿದೆ, ಅಂದರೆ ಲೋಳೆ ಅಲ್ಲಿ ಮೇಲಕ್ಕೆ ಹತ್ತಿಯೇ ಹೊರಗೆ ಬೀಳಬೇಕು. ಕೆಳಗಡೆ ಹೊಸ ತೂತು ಕೊರೆದುಕೊಟ್ಟರೂ ರೋಮಗಳು ಹಳೆಯ ದಾರಿಯನ್ನೇ ಹಿಡಿಯುತ್ತವೆ. ಹಾಗಾಗಿಯೇ ಇಂದಿನ ಸೈನಸ್ ಆಪರೇಷನ್ ಸಹಜ ಬಾಯಿಯನ್ನೇ ಹುಡುಕಿ ಅಗಲ ಮಾಡುತ್ತದೆ.

ಆ ಬಾಯಿ ಮುಚ್ಚಿಹೋದರೂ ಲೋಳೆ ಒಸರುವುದು ನಿಲ್ಲುವುದಿಲ್ಲ. ಮೊದಲು ಗಾಳಿ ಹೋಗಿ ಸೈನಸ್ ಪೂರ್ತಿ ತುಂಬುತ್ತದೆ, ಆಮೇಲೆ ಹಿಗ್ಗತೊಡಗುತ್ತದೆ. ಮುಚ್ಚಲು ಕಾರಣ ಹಲವು: ಬಹುಕಾಲದ ಸೈನಸೈಟಿಸ್, ಪಾಲಿಪ್ ಎಂಬ ಮೆತ್ತನೆಯ ಬೆಳವಣಿಗೆ, ಅಲರ್ಜಿ, ಹಿಂದೆ ಮಾಡಿಸಿಕೊಂಡ ಸೈನಸ್ ಆಪರೇಷನ್ನಿನ ಗಾಯ ಕಟ್ಟಿಕೊಂಡದ್ದು, ಹಣೆಗೆ ಬಿದ್ದ ಪೆಟ್ಟು, ಆಸ್ಟಿಯೋಮಾ ಎಂಬ ಎಲುಬಿನ ಗಂಟು. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ಹಣೆಯ ಮೂಳೆ ಮುರಿದಿತ್ತು, ಎಲ್ಲ ವಾಸಿಯಾಯಿತು ಎಂದು ಮರೆತೂ ಆಗಿತ್ತು, ಹತ್ತು ಹದಿನೈದು ವರ್ಷ ಬಿಟ್ಟು ಕಣ್ಣು ಸರಿಯತೊಡಗಿತು ಎಂಬುದು ಈ ಕಾಯಿಲೆಯ ಹಾದಿಗೆ ಹೊಂದುವ ಮಾತೇ. ಡಾಕ್ಟರು ಹಳೆಯ ಅಪಘಾತ, ಹಳೆಯ ಆಪರೇಷನ್ ಕೇಳಿದರೆ ಇದಕ್ಕೂ ಅದಕ್ಕೂ ಏನು ಸಂಬಂಧ ಎನ್ನದೆ ಹೇಳಿಬಿಡಬೇಕು. ಮಕ್ಕಳಲ್ಲಿ ಮ್ಯೂಕೋಸೀಲ್ ಅಪರೂಪ, ಕಂಡರೆ ಲೋಳೆ ಗಟ್ಟಿಯಾಗುವ ಹುಟ್ಟಿನ ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್ ಇದೆಯೇ ಎಂದು ಬೆವರಿನ ಕ್ಲೋರೈಡ್ ಪರೀಕ್ಷೆ ಮಾಡಿಸುವುದು ವಾಡಿಕೆ.

ಮೃದುವಾದ ಲೋಳೆಚೀಲ ಗಟ್ಟಿ ಎಲುಬನ್ನು ಹೇಗೆ ತಿನ್ನುತ್ತದೆ? ಒತ್ತಡ ಒಂದು ಕಾರಣ. ಇನ್ನೊಂದು, ಉರಿಯೂತವಾದ ಪೊರೆ ಸ್ರವಿಸುವ ಪ್ರೊಸ್ಟಗ್ಲಾಂಡಿನ್ ಇ2, ಇಂಟರ್‌ಲ್ಯೂಕಿನ್-1ರಂಥ ರಾಸಾಯನಿಕಗಳು. ಇವು ಎಲುಬು ಕರಗಿಸುವ ಜೀವಕೋಶಗಳನ್ನು ಎಬ್ಬಿಸುತ್ತವೆ. ಎಥ್ಮಾಯ್ಡ್‌ಗೂ ಕಣ್ಣುಗೂಡಿಗೂ ನಡುವಿನ ಎಲುಬಿಗೆ ಲ್ಯಾಟಿನ್‌ನಲ್ಲಿ ಇಟ್ಟ ಹೆಸರೇ ಕಾಗದದ ಹಾಳೆ ಎಂದು, ಲ್ಯಾಮಿನಾ ಪಪಿರೇಶಿಯ. ಅದರ ದಪ್ಪ ಒಂದು ಮಿಲಿಮೀಟರ್‌ನ ಅರ್ಧಕ್ಕಿಂತ ಕಡಿಮೆ. ಹಣೆ ಸೈನಸ್‌ನ ನೆಲವೇ ಕಣ್ಣುಗೂಡಿನ ಸೂರು, ಅದೂ ತೆಳುವೇ. ಹಾಗಾಗಿ ಹಿಗ್ಗುವ ಚೀಲ ಮಿದುಳಿನ ಕಡೆಗಿಂತ ಸಾಮಾನ್ಯವಾಗಿ ಕಣ್ಣಿನ ಕಡೆಗೇ ಮೊದಲು ವಾಲುತ್ತದೆ.

ಸ್ಕ್ಯಾನ್ ವರದಿಯಲ್ಲಿ ಕೆನ್ನೆಯ ಸೈನಸ್‌ನಲ್ಲಿ ರಿಟೆನ್ಷನ್ ಸಿಸ್ಟ್ ಇದೆ ಎಂದು ಬರೆದಿದ್ದರೆ ಅದು ಬೇರೆ. ಗುಮ್ಮಟದ ಆಕಾರದ ಆ ಗುಳ್ಳೆ ಸೈನಸ್ ತುಂಬಿರುವುದಿಲ್ಲ, ಸುತ್ತ ಗಾಳಿ ಇರುತ್ತದೆ, ಎಲುಬು ಸವೆದಿರುವುದಿಲ್ಲ. ಅದಕ್ಕೆ ಬಹುತೇಕ ಏನೂ ಮಾಡಬೇಕಾಗಿಲ್ಲ.

ಕಣ್ಣು ಯಾವ ಕಡೆ ಸರಿದಿದೆ?

ಕಣ್ಣುಗೂಡಿನ ಒಟ್ಟು ಜಾಗ ಸುಮಾರು 30 ಮಿಲಿಲೀಟರ್, ಅದರಲ್ಲಿ ಕಣ್ಣುಗುಡ್ಡೆಗೆ ಹೋಗುವುದು ಸುಮಾರು 7. ಮಿಕ್ಕಿದ್ದು ಕೊಬ್ಬು, ಸ್ನಾಯು, ನರ, ರಕ್ತನಾಳ. ಸುತ್ತ ಎಲುಬು, ಮುಂದೆ ಮಾತ್ರ ತೆರಪು. ಒಂದು ಮೂಲೆಯಿಂದ ಏನಾದರೂ ಒಳಬಂದರೆ ಗುಡ್ಡೆ ಅದರ ಎದುರು ದಿಕ್ಕಿಗೂ ಮುಂದಕ್ಕೂ ಸರಿಯುತ್ತದೆ. ಹಣೆ ಸೈನಸ್‌ನ ಮ್ಯೂಕೋಸೀಲ್ ಕಣ್ಣನ್ನು ಕೆಳಕ್ಕೂ ಹೊರಕ್ಕೂ, ಅಂದರೆ ಕೆನ್ನೆ ಮತ್ತು ಕಿವಿಯ ಕಡೆಗೆ, ತಳ್ಳುತ್ತದೆ. ಎಥ್ಮಾಯ್ಡ್‌ನದು ನೇರ ಹೊರಕ್ಕೆ. ಕೆನ್ನೆ ಸೈನಸ್‌ನದು ಮೇಲಕ್ಕೆ. ಸ್ಫಿನಾಯ್ಡ್‌ನದು ಹಿಂದಿನಿಂದ ಒತ್ತುವುದರಿಂದ ಗುಡ್ಡೆ ಹೆಚ್ಚು ಸರಿಯದೆಯೇ ದೃಷ್ಟಿ ಹೋಗಬಹುದು. ನಾಲ್ಕರಲ್ಲಿ ಹೆಚ್ಚು ಕಾಣುವುದು ಹಣೆಯ ಸೈನಸ್‌ನದು, ಆಮೇಲೆ ಎಥ್ಮಾಯ್ಡ್. ಎರಡೂ ಸೇರಿಕೊಂಡಿರುವುದೂ ಸಾಮಾನ್ಯ. ಸ್ಫಿನಾಯ್ಡ್‌ನದು ತೀರಾ ವಿರಳ, ಆದರೆ ಅಪಾಯ ಅದರಲ್ಲೇ ಹೆಚ್ಚು.

ರೋಗಿ ಹೇಳುವ ದೂರುಗಳು: ಒಂದು ದಿಕ್ಕಿಗೆ ನೋಡಿದಾಗ ಎರಡೆರಡು ಕಾಣುವುದು, ರೆಪ್ಪೆ ಭಾರ, ಹುಬ್ಬಿನ ಒಳತುದಿಯ ಕೆಳಗೆ ಗಂಟು, ಹಣೆ ನೋವು, ಕಣ್ಣಲ್ಲಿ ನೀರು. ಮೂಗಿನ ದೂರು ಇರಲೇಬೇಕೆಂದಿಲ್ಲ, ದಾರಿ ತಪ್ಪುವುದೇ ಅಲ್ಲಿ.

ತಪಾಸಣೆಯಲ್ಲಿ ಬೆರಳು ಬಹಳ ಹೇಳುತ್ತದೆ. ಕಣ್ಣಿನ ಒಳಮೂಲೆಯಲ್ಲಿ ರೆಪ್ಪೆಗಳನ್ನು ಮೂಗಿನ ಎಲುಬಿಗೆ ಕಟ್ಟಿರುವ ಗಟ್ಟಿ ನಾರೊಂದು ಅಡ್ಡಲಾಗಿ ಸಿಗುತ್ತದೆ. ಗಂಟು ಆ ನಾರಿನ ಕೆಳಗಿದ್ದರೆ ಕಣ್ಣೀರಿನ ಚೀಲದ ತೊಂದರೆ ಇರುವ ಸಂಭವ ಹೆಚ್ಚು. ಮೇಲಕ್ಕೆ ಹಬ್ಬಿದ್ದರೆ ಹಣೆ ಅಥವಾ ಎಥ್ಮಾಯ್ಡ್ ಸೈನಸ್‌ನ್ನು ಶಂಕಿಸಬೇಕು. ಒತ್ತಿದಾಗ ರಬ್ಬರಿನಂತೆ ಒಳಗೆ ಹೋಗಿ ಮರಳುತ್ತದೆ. ಎಲುಬಿನ ತೆಳು ಪದರ ಇನ್ನೂ ಉಳಿದಿದ್ದರೆ ಮೊಟ್ಟೆಯ ಚಿಪ್ಪು ಚಿಟಿಚಿಟಿ ಎಂದಂತೆ ಬೆರಳಿಗೆ ತಿಳಿಯುತ್ತದೆ. ಗಂಟು ನಾಡಿಯೊಂದಿಗೆ ಮಿಡಿಯುತ್ತಿದ್ದರೆ ಅಲ್ಲಿಗೇ ಕೈ ನಿಲ್ಲಿಸಬೇಕು. ತಲೆಬುರುಡೆಯ ಎಲುಬು ಹೋಗಿ ಮಿದುಳಿನ ಮಿಡಿತ ಬರುತ್ತಿರಬಹುದು, ಅಥವಾ ಅದು ಮಿದುಳಿನ ಭಾಗವೇ ಪೊರೆಸಮೇತ ಹೊರಚಾಚಿರುವ ಎನ್‌ಸೆಫಲೋಸೀಲ್ ಇರಬಹುದು. ಸ್ಕ್ಯಾನ್ ಆಗುವ ಮುಂಚೆ ಸೂಜಿ ಹಾಕಿ ಏನಿದೆ ನೋಡೋಣ ಎನ್ನುವುದು ಈ ಜಾಗದಲ್ಲಿ ಮಾಡಲೇಬಾರದ ಕೆಲಸ.

ಕಣ್ಣಿನ ನರ ಹೇಗಿದೆ?

ಕಣ್ಣು ಎಷ್ಟು ಮುಂದೆ ಬಂದಿದೆ ಎನ್ನುವುದಕ್ಕಿಂತ ದೃಷ್ಟಿನರ ಒತ್ತಡದಲ್ಲಿದೆಯೇ ಎನ್ನುವುದು ದೊಡ್ಡ ಪ್ರಶ್ನೆ. ಆಪರೇಷನ್ ಮುಂದಿನ ವಾರವೋ ಇವತ್ತೇ ರಾತ್ರಿಯೋ ಎಂಬುದು ಇದರ ಮೇಲೆ ನಿಂತಿದೆ.

ಅಕ್ಷರದ ಬೋರ್ಡಿನಲ್ಲಿ ಒಂದೊಂದೇ ಕಣ್ಣಿನ ದೃಷ್ಟಿ ಬರೆದುಕೊಳ್ಳುತ್ತಾರೆ. ಬಣ್ಣದ ಪರೀಕ್ಷೆಗೆ ಇಶಿಹಾರ ಪುಸ್ತಕ. ಅದು ಕೈಗೆ ಸಿಗದಿದ್ದರೆ ಔಷಧಿ ಬಾಟಲಿಯ ಕೆಂಪು ಮುಚ್ಚಳ ಸಾಕು: ಒಂದು ಕಣ್ಣಿಗೆ ತೋರಿಸಿ, ಆಮೇಲೆ ಇನ್ನೊಂದಕ್ಕೆ ತೋರಿಸಿ, ಎರಡೂ ಅಷ್ಟೇ ಕೆಂಪೇ ಎಂದು ಕೇಳಬೇಕು. ನರ ಸೋತ ಕಣ್ಣಿಗೆ ಅದೇ ಕೆಂಪು ತೊಳೆದು ಮಾಸಿದ ಬಟ್ಟೆಯಂತೆ ಕಾಣುತ್ತದೆ. ಅಕ್ಷರ ಓದುವ ಶಕ್ತಿ ಸರಿಯಿರುವಾಗಲೇ ಬಣ್ಣ ಮಾಸಿರಬಹುದು.

ಆಮೇಲೆ ಟಾರ್ಚಿನ ಪರೀಕ್ಷೆ. ಕತ್ತಲೆ ಮಾಡಿದ ಕೋಣೆಯಲ್ಲಿ ರೋಗಿ ದೂರಕ್ಕೆ ನೋಡುತ್ತಿರಬೇಕು. ಒಳ್ಳೆಯ ಕಣ್ಣಿಗೆ ಬೆಳಕು ಹಿಡಿದಾಗ ಎರಡೂ ಪಾಪೆ ಕಿರಿದಾಗುತ್ತವೆ. ಎರಡು ಮೂರು ಸೆಕೆಂಡ್ ಬಿಟ್ಟು ಬೆಳಕನ್ನು ತಟ್ಟನೆ ಇನ್ನೊಂದು ಕಣ್ಣಿಗೆ ತಿರುಗಿಸಿದಾಗ ಆ ಪಾಪೆ ಕಿರಿದಾಗಿಯೇ ಉಳಿಯುವ ಬದಲು ಹಿಗ್ಗಿದರೆ, ಆ ಕಣ್ಣಿನ ನರ ಮಿದುಳಿಗೆ ಬೆಳಕಿನ ಸುದ್ದಿಯನ್ನು ಸರಿಯಾಗಿ ಮುಟ್ಟಿಸುತ್ತಿಲ್ಲ ಎಂದರ್ಥ. ಪೆನ್ ಟಾರ್ಚ್ ಇದ್ದರೆ ಒಂದು ನಿಮಿಷದ ಕೆಲಸ, ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದು. ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲೇ ಇದನ್ನು ಮುಗಿಸಬೇಕು. ಹನಿ ಹಾಕಿದ ಮೇಲೆ ಇದಕ್ಕೆ ಅರ್ಥವಿರುವುದಿಲ್ಲ.

ಹರ್ಟೆಲ್ ಎಂಬ ಅಳತೆಯ ಸಾಧನದಿಂದ ಎರಡು ಕಣ್ಣು ಎಷ್ಟೆಷ್ಟು ಮುಂದಿವೆ ಎಂದು ಮಿಲಿಮೀಟರ್‌ನಲ್ಲಿ ಬರೆಯುತ್ತಾರೆ. ವ್ಯತ್ಯಾಸ 2ಕ್ಕಿಂತ ಹೆಚ್ಚಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು. ಕಣ್ಣಿನ ಚಲನೆ, ಒಳಗಿನ ಒತ್ತಡ, ಹಿಂಪರದೆಯಲ್ಲಿ ಮಡಿಕೆ ಅಥವಾ ನರದ ತುದಿಯ ಊತ ಇದೆಯೇ ಎಂಬುದನ್ನೂ ನೋಡುತ್ತಾರೆ. ಇಎನ್‌ಟಿ ಡಾಕ್ಟರು ಮೂಗಿನೊಳಗೆ ಎಂಡೋಸ್ಕೋಪ್ ಎಂಬ ತೆಳು ಕೊಳವೆಯ ದುರ್ಬೀನು ಹಾಕಿದಾಗ ಏನೂ ಕಾಣದೇ ಇರಬಹುದು, ಅಥವಾ ನಡುಹಾದಿಯ ಗೋಡೆ ನುಣ್ಣಗೆ ಉಬ್ಬಿರುವುದು ಕಾಣಬಹುದು. ಎಂಡೋಸ್ಕೋಪಿ ಮಾಮೂಲು ಎಂದ ಮಾತ್ರಕ್ಕೆ ಮ್ಯೂಕೋಸೀಲ್ ಇಲ್ಲ ಎಂದಾಗುವುದಿಲ್ಲ.

ಸಿಟಿ ಎಲುಬಿಗೆ, ಎಂಆರ್‌ಐ ಒಳಗಿನದಕ್ಕೆ

ಮೊದಲು ಸಿಟಿ ಸ್ಕ್ಯಾನ್. ಸೈನಸ್ ಮತ್ತು ಕಣ್ಣುಗೂಡು ಎರಡೂ ಬರಬೇಕು, 1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಸೀಳುಗಳಾಗಬೇಕು, ಅಡ್ಡ, ಎದುರು, ಪಕ್ಕ ಮೂರೂ ನೋಟದಲ್ಲಿ ಕಾಣಬೇಕು. 5 ಮಿಲಿಮೀಟರ್‌ನ ತಲೆ ಸ್ಕ್ಯಾನ್ ತಂದರೆ ಸರ್ಜನ್‌ಗೆ ಉಪಯೋಗ ಕಮ್ಮಿ. ಇನ್ನೊಮ್ಮೆ ಮಾಡಿಸಬೇಕಾಗುತ್ತದೆ, ಖರ್ಚೂ ಎರಡಾಗುತ್ತದೆ.

ಸಿಟಿಯಲ್ಲಿ ಮ್ಯೂಕೋಸೀಲ್‌ನ ಚಹರೆ ಮೂರು ಮಾತಿನಲ್ಲಿ ಹೇಳಬಹುದು: ಸೈನಸ್‌ನಲ್ಲಿ ಗಾಳಿಯೇ ಇಲ್ಲ, ಒಳಗೆ ಒಂದೇ ಸಮನಾದ ಬೂದು, ಗೋಡೆ ಹೊರಕ್ಕೆ ಉಬ್ಬಿ ತೆಳ್ಳಗಾಗಿದೆ. ಆರೋಗ್ಯವಂತ ಹಣೆ ಸೈನಸ್‌ನ ಅಂಚು ಹೂವಿನ ಎಸಳಿನ ಅಂಚಿನಂತೆ ಏರಿಳಿತವಾಗಿರುತ್ತದೆ. ಮ್ಯೂಕೋಸೀಲ್ ಆದಾಗ ಆ ಏರಿಳಿತ ಅಳಿಸಿ ಊದಿದ ಬಲೂನಿನ ಅಂಚಾಗುತ್ತದೆ. ಕ್ಯಾನ್ಸರ್ ಎಲುಬನ್ನು ಹರಿದು ಹಾಕುತ್ತದೆ, ಅಂಚು ಹರಕುಮುರುಕು. ಮ್ಯೂಕೋಸೀಲ್ ತಳ್ಳಿ ಬಾಗಿಸುತ್ತದೆ, ಅಂಚು ನಯ. ಕೆಲವು ಕಡೆ ಎಲುಬು ಪೂರ್ತಿ ಮಾಯವಾಗಿ ಚೀಲ ನೇರವಾಗಿ ಕಣ್ಣುಗೂಡಿನ ಹೊದಿಕೆಗೋ ಮಿದುಳಿನ ಹೊದಿಕೆಗೋ ತಾಗಿಕೊಂಡಿರುತ್ತದೆ. ಆ ಜಾಗಗಳನ್ನು ಆಪರೇಷನ್‌ಗೆ ಮೊದಲೇ ಗುರುತು ಹಾಕಿಕೊಳ್ಳಬೇಕು.

ಎಂಆರ್‌ಐ ಯಾವಾಗ? ಮಿದುಳಿನ ಕಡೆಯ ಗೋಡೆ ಹೋಗಿದ್ದರೆ, ದೃಷ್ಟಿ ಕಮ್ಮಿಯಾಗಿದ್ದರೆ, ಅಥವಾ ಬಾಯಿ ಮುಚ್ಚಿಸಿರುವುದು ಗೆಡ್ಡೆಯೇ ಎಂಬ ಅನುಮಾನವಿದ್ದರೆ. ಇಲ್ಲೊಂದು ಮೋಸವಿದೆ. ಎಂಆರ್‌ಐ ಟಿ1, ಟಿ2 ಎಂಬ ಎರಡು ಬಗೆಯ ಚಿತ್ರ ತೆಗೆಯುತ್ತದೆ. ತೆಳುವಾದ ಹೊಸ ಲೋಳೆ ಟಿ1 ಚಿತ್ರದಲ್ಲಿ ಕಪ್ಪು, ಟಿ2ರಲ್ಲಿ ಬಿಳಿ. ನೀರು ಇಂಗಿ ಪ್ರೊಟೀನ್ ಹೆಚ್ಚಾದಂತೆ ಟಿ1ರಲ್ಲಿ ಬಿಳಿಯಾಗುತ್ತದೆ. ಇನ್ನೂ ಒಣಗಿ ಅಂಟಿನಂತಾದ ಹಳೆಯ ಲೋಳೆ ಎರಡರಲ್ಲೂ ಕಪ್ಪಾಗಿ, ಸೈನಸ್ ಖಾಲಿ ಇದೆ, ಗಾಳಿಯಿದೆ ಎಂದೇ ಕಾಣಿಸುತ್ತದೆ. ಫಂಗಸ್ ತುಂಬಿದ ಸೈನಸ್ಸೂ ಹೀಗೇ ಕಪ್ಪಾಗಿ ಕಾಣಬಹುದು. ಆದ್ದರಿಂದ ಎಂಆರ್‌ಐ ಒಂದನ್ನೇ ಹಿಡಿದು ಕೂರದೆ ಸಿಟಿಯನ್ನು ಪಕ್ಕದಲ್ಲಿಟ್ಟು ಓದಬೇಕು. ಕಾಂಟ್ರಾಸ್ಟ್ ಎಂಬ, ಚಿತ್ರದಲ್ಲಿ ಹೊಳೆಯುವ ಔಷಧಿ ಚುಚ್ಚಿ ಕೊಟ್ಟಾಗ ಮ್ಯೂಕೋಸೀಲ್‌ನ ಅಂಚು ಮಾತ್ರ ತೆಳು ಗೆರೆಯಾಗಿ ಹೊಳೆಯುತ್ತದೆ; ಗೆಡ್ಡೆಯಾದರೆ ಒಳಗೂ ಹೊಳೆಯುತ್ತದೆ.

ಮಧುಮೇಹಿಗಳಲ್ಲಿ ಇನ್ನೊಂದು ಗೊಂದಲ. 2021ರ ಕೋವಿಡ್ ಅಲೆಯಲ್ಲಿ ಕರ್ನಾಟಕದಲ್ಲೂ ಜನ ಕಂಡ ಕಪ್ಪು ಶಿಲೀಂಧ್ರ ಸೈನಸ್‌ನಿಂದ ಕಣ್ಣಿಗೆ ನುಗ್ಗುವುದು ದಿನಗಳ ಲೆಕ್ಕದಲ್ಲಿ. ಮುಖ ಮರಗಟ್ಟುತ್ತದೆ, ನೋವು ಜೋರಾಗಿರುತ್ತದೆ, ಮೂಗಿನೊಳಗೆ ಕಪ್ಪು ಹಕ್ಕಳೆ ಕಾಣುತ್ತದೆ. ಮ್ಯೂಕೋಸೀಲ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ಅದೂ ದಿಢೀರ್ ಆಗುತ್ತದೆ: ಒಳಗಿನ ಲೋಳೆಗೆ ಸೋಂಕು ತಗಲಿ ಕೀವಾದಾಗ. ಪಯೋಸೀಲ್ ಎನ್ನುವ ಈ ಸ್ಥಿತಿಯಲ್ಲಿ ರಾತ್ರೋರಾತ್ರಿ ರೆಪ್ಪೆ ಊದಿ ಕೆಂಪಾಗಿ ಜ್ವರ ಬರಬಹುದು. ಆಗ ರಕ್ತನಾಳದ ಮೂಲಕ ಆಂಟಿಬಯೋಟಿಕ್ ತಕ್ಷಣ ಶುರುವಾಗಬೇಕು, ಕೀವು ಹೊರಹಾಕುವುದಕ್ಕೂ ತಡಮಾಡುವಂತಿಲ್ಲ.

ಆಪರೇಷನ್ ಟೇಬಲ್ಲಿನ ಮೇಲೆ

ಬಹುಕಾಲ ಇದಕ್ಕೆ ಹೊರಗಿಂದಲೇ ಆಪರೇಷನ್. 1921ರಲ್ಲಿ ಲಿಂಚ್ ಎಂಬ ಸರ್ಜನ್ ವಿವರಿಸಿದ ವಿಧಾನದಲ್ಲಿ ಹುಬ್ಬಿನ ಒಳತುದಿಯಿಂದ ಮೂಗಿನ ಪಕ್ಕಕ್ಕೆ ಬಾಗಿದ ಸೀಳು ಹಾಕಿ ಸೈನಸ್‌ನ ನೆಲ ತೆಗೆದು ಪೊರೆಯನ್ನೂ ಕೆರೆಯುತ್ತಿದ್ದರು. ಇನ್ನೊಂದು ವಿಧಾನದಲ್ಲಿ ಹಣೆಯ ಎಲುಬನ್ನು ಮುಚ್ಚಳದಂತೆ ಎತ್ತಿ, ಪೊರೆ ಪೂರ್ತಿ ತೆಗೆದು, ಹೊಟ್ಟೆಯ ಕೊಬ್ಬು ತುಂಬಿ ಸೈನಸ್ಸನ್ನೇ ಮುಚ್ಚಿಬಿಡುವುದು. ಕಲೆ ಉಳಿಯುತ್ತಿತ್ತು. ಎಲುಬಿನ ಸಂದಿಯಲ್ಲಿ ಉಳಿದ ಪೊರೆಯ ಚೂರಿನಿಂದ ಮತ್ತೆ ಮ್ಯೂಕೋಸೀಲ್ ಹುಟ್ಟುತ್ತಿತ್ತು. 1989ರಲ್ಲಿ ಅಮೆರಿಕದ ಡೇವಿಡ್ ಕೆನಡಿ ಮತ್ತು ಸಂಗಡಿಗರು ಎಂಡೋಸ್ಕೋಪ್‌ನಿಂದ ಮೂಗಿನ ಒಳಗೇ ಚೀಲದ ಬಾಯಿ ತೆರೆದು ಬಿಟ್ಟರೂ ಸಾಕು ಎಂದು ವರದಿ ಮಾಡಿದರು. ಇವತ್ತು ಬಹುತೇಕ ಕಡೆ ಮೊದಲ ಆಯ್ಕೆ ಅದೇ.

ಯಾಕೆ ಸಾಕು? ಚೀಲದ ಒಳಪೊರೆ ರೋಗದ ಪೊರೆಯಲ್ಲ, ಸೈನಸ್‌ನದೇ ಪೊರೆ. ಒತ್ತಡ ಇಳಿದು ಗಾಳಿ ಆಡಿದರೆ ಅದರ ರೋಮಗಳು ಮತ್ತೆ ಲೋಳೆ ತಳ್ಳುತ್ತವೆ. ಚೀಲ ಮೂಗಿನ ಒಂದು ಕೋಣೆಯಂತಾಗುತ್ತದೆ. ಕಿತ್ತರೆ ಬರೀ ಎಲುಬು ಉಳಿದು ಗಾಯ ಕಟ್ಟಿ ಬಾಯಿ ಮತ್ತೆ ಮುಚ್ಚುತ್ತದೆ. ಮೇಲಾಗಿ, ಎಲುಬು ಕರಗಿದ ಕಡೆ ಈ ಪೊರೆ ಕಣ್ಣುಗೂಡಿನ ಮತ್ತು ಮಿದುಳಿನ ಹೊದಿಕೆಗೆ ಅಂಟಿಕೊಂಡಿರುತ್ತದೆ. ಎಳೆದರೆ ಹೊದಿಕೆಯೂ ಹರಿದು ಮಿದುಳಿನ ದ್ರವ ಸೋರಬಹುದು. ಹಾಗಾಗಿ ಬಾಯಿ ದೊಡ್ಡದು, ಪೊರೆ ಹಾಗೇ.

ಆಪರೇಷನ್‌ಗೆ ಮುಂಚೆ ಬಿಪಿ, ಸಕ್ಕರೆ ಹಿಡಿತಕ್ಕೆ ಬರಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಹೃದಯದ ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕು, ತಾವಾಗಿ ಅಲ್ಲ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು, ಕೆಲವು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಪೂರ್ತಿ ಅರಿವಳಿಕೆ, ತಲೆ 15ರಿಂದ 20 ಡಿಗ್ರಿ ಎತ್ತರ, ಬಿಪಿ ತುಸು ಇಳಿಸಿದ ಸ್ಥಿತಿ. ಎಂಡೋಸ್ಕೋಪ್‌ನ ತುದಿಗೆ ಒಂದು ಹನಿ ರಕ್ತ ಬಿದ್ದರೂ ಪರದೆ ಪೂರ್ತಿ ಕೆಂಪಾಗುವುದರಿಂದ ಇಲ್ಲಿ ರಕ್ತ ಕಮ್ಮಿ ಮಾಡುವುದೇ ಅರ್ಧ ಆಪರೇಷನ್. ರಕ್ತನಾಳ ಕುಗ್ಗಿಸುವ 1:1,000ದ ಅಡ್ರಿನಲಿನ್‌ನಲ್ಲಿ ಅದ್ದಿ ಹಿಂಡಿದ ಹತ್ತಿಪಟ್ಟಿಗಳನ್ನು ಮೂಗಿನೊಳಗೆ ಹತ್ತು ನಿಮಿಷ ಇಡುತ್ತಾರೆ. ಚುಚ್ಚುವುದಕ್ಕೆ ಬಳಸುವುದು ಮರಗಟ್ಟಿಸುವ ಲಿಗ್ನೊಕೇನ್ ಜೊತೆಗಿನ ನೂರು ಪಟ್ಟು ತೆಳುವಾದ 1:1,00,000. ಇವೆರಡು ಅದಲುಬದಲಾದರೆ ಹೃದಯಕ್ಕೆ ಪ್ರಾಣಾಂತಿಕ. ಆದ್ದರಿಂದ ಹಚ್ಚುವ ದ್ರಾವಣಕ್ಕೆ ಬಣ್ಣ ಬೆರೆಸಿ ಬಟ್ಟಲಿನಲ್ಲಿಡುವುದು, ಅದನ್ನು ಸಿರಿಂಜಿಗೆ ಏರಿಸಲೇಬಾರದು ಎಂಬುದು ಒಳ್ಳೆಯ ಥಿಯೇಟರಿನ ಕಟ್ಟಳೆ.

ಕಣ್ಣಿಗೆ ಬಟ್ಟೆ ಹೊದಿಸುವುದಿಲ್ಲ. ಮುಲಾಮು ಹಾಕಿ, ಎರಡೂ ಕಣ್ಣು ಕಾಣುವಂತೆ ಬಿಡುತ್ತಾರೆ. ಸಹಾಯಕರು ಆಪರೇಷನ್ ಉದ್ದಕ್ಕೂ ಆಗಾಗ ರೆಪ್ಪೆಯ ಮೇಲೆ ಬೆರಳಿಟ್ಟು ಗುಡ್ಡೆ ಬಿಗಿಯಾಗುತ್ತಿದೆಯೇ, ಪಾಪೆ ಹಿಗ್ಗುತ್ತಿದೆಯೇ ಎಂದು ನೋಡುತ್ತಿರಬೇಕು. ಸರ್ಜನ್‌ಗೂ ಇದು ಉಪಯೋಗ. ಹೊರಗೆ ಗುಡ್ಡೆಯನ್ನು ಮೆಲ್ಲಗೆ ಒತ್ತಿದಾಗ ಒಳಗೆ ಪರದೆಯ ಮೇಲೆ ಯಾವ ಭಾಗ ಅಲುಗುತ್ತದೆಯೋ ಅಲ್ಲಿ ಕಣ್ಣುಗೂಡಿಗೆ ಎಲುಬಿನ ಗೋಡೆ ಇಲ್ಲ. ಅತ್ತ ಕಡೆ ಕತ್ತರಿಸುವ ಸಾಧನ ತಿರುಗಿಸಬಾರದು.

ದಾರಿ ಹೀಗೆ. ಮೊದಲು ಅನ್ಸಿನೇಟ್ ಎಂಬ ಕುಡುಗೋಲಿನಂಥ ತೆಳು ಎಲುಬು ತೆಗೆದು ಕೆನ್ನೆಯ ಸೈನಸ್‌ನ ಬಾಯಿ ಕಂಡುಕೊಳ್ಳುತ್ತಾರೆ. ಕಣ್ಣುಗೂಡಿನ ನೆಲ ಎಲ್ಲಿದೆ ಎಂದು ಅದರಿಂದ ತಿಳಿಯುತ್ತದೆ. ಆಮೇಲೆ ಎಥ್ಮಾಯ್ಡ್ ಕೋಣೆಗಳನ್ನು ಒಂದೊಂದಾಗಿ ತೆರೆದು ಹಿಂದಕ್ಕೆ ಹೋಗಿ, ತಲೆಬುರುಡೆಯ ತಳ ಕಂಡ ಮೇಲೆ ಅದನ್ನೇ ಹಿಡಿದು ಮುಂದಕ್ಕೆ ಬರುತ್ತಾರೆ. ಹಣೆ ಸೈನಸ್‌ಗೆ ಹತ್ತುವ ಕಿರಿದಾದ ಓಣಿ ಸಿಗುವುದು ಮುಂದಿನ ತುದಿಯಲ್ಲಿ. ನೇರ ಎಂಡೋಸ್ಕೋಪ್‌ಗೆ ಇಲ್ಲಿ ಕಾಣುವುದಿಲ್ಲ, 45 ಅಥವಾ 70 ಡಿಗ್ರಿ ನೋಟದ್ದು, ಬಾಗಿದ ತುದಿಯ ಸಾಧನಗಳು ಬೇಕು. ಹಿಗ್ಗಿದ ಮ್ಯೂಕೋಸೀಲ್ ಹಲವು ಬಾರಿ ತಾನೇ ಓಣಿಯೊಳಗೆ ಇಳಿದು ನೀಲಿಛಾಯೆಯ ಗುಳ್ಳೆಯಾಗಿ ಎದುರಾಗುತ್ತದೆ.

ಅದರ ಅತಿ ತಗ್ಗಿನ, ಮೂಗಿನ ಕಡೆಗಿರುವ ಮೂಲೆಯಲ್ಲಿ ಸಾಧನದ ತುದಿ ಒತ್ತಿದಾಗ ಚಿಪ್ಪಿನಂಥ ಎಲುಬು ಒಡೆದು ಒಳಗಿನದು ಒತ್ತಡದಿಂದ ನುಗ್ಗುತ್ತದೆ. ಕೆಲವರದು ಹುಲ್ಲಿನ ಬಣ್ಣದ ತೆಳು ನೀರು. ಹಲವರದು ಕಂದು ಹಸಿರು ಅಂಟು, ಬೆಂಡೆಕಾಯಿ ಲೋಳೆಯನ್ನು ಕುದಿಸಿ ಗಟ್ಟಿ ಮಾಡಿದ ಹಾಗೆ ಎಳೆ ಎಳೆಯಾಗಿ ಬರುವ ಅದು ಸಕ್ಷನ್ ಕೊಳವೆಯನ್ನೇ ಕಟ್ಟಿಸುತ್ತದೆ. ಬೆಚ್ಚಗಿನ ಸಲೈನ್ ಹಾಯಿಸಿ ಹಾಯಿಸಿ ತೊಳೆಯಬೇಕು. ಸ್ವಲ್ಪವನ್ನು ಬ್ಯಾಕ್ಟೀರಿಯಾ, ಫಂಗಸ್ ಪರೀಕ್ಷೆಗೆ, ಅಂಚಿನ ಒಂದು ಚೂರನ್ನು ಬಯಾಪ್ಸಿಗೆ ಕಳಿಸುತ್ತಾರೆ. ಬಾಯಿ ಮುಚ್ಚಿಸಿದ್ದು ಇನ್‌ವರ್ಟೆಡ್ ಪ್ಯಾಪಿಲೋಮದಂಥ ಗೆಡ್ಡೆಯಾಗಿದ್ದರೆ ಆಗ ಮಾತ್ರ ತಿಳಿಯುತ್ತದೆ. ಖಾಲಿಯಾದ ಚೀಲದೊಳಗೆ ಎಂಡೋಸ್ಕೋಪ್ ಇಳಿಸಿದರೆ ಹೊಳೆಯುವ ನಸುಗೆಂಪು ಗೋಡೆ ಕಾಣುತ್ತದೆ. ಸೂರಿನಲ್ಲಿ ಎಲುಬಿಲ್ಲದ ಕಡೆ ಮಿದುಳಿನ ಹೊದಿಕೆ ನಾಡಿಯೊಂದಿಗೆ ಮೆಲ್ಲನೆ ಏರಿಳಿಯುತ್ತಿರುತ್ತದೆ. ಅಲ್ಲಿ ಮುಟ್ಟಬಾರದು. ಒಳಗೆ ಅಡ್ಡಗೋಡೆಗಳಿದ್ದರೆ ಎರಡನೆಯ, ಮೂರನೆಯ ಕೋಣೆ ತೆರೆಯದೆ ಉಳಿದಿರಬಹುದು. ಆಪರೇಷನ್ ಆದರೂ ಕಣ್ಣು ಹಿಂದೆ ಹೋಗದೆ ಇರುವುದಕ್ಕೆ ಇದೊಂದು ಕಾರಣ. ಸಿಟಿಯಲ್ಲಿ ಮೊದಲೇ ಎಣಿಸಿಟ್ಟುಕೊಂಡರೆ ತಪ್ಪುವುದಿಲ್ಲ.

ಬಾಯಿ ಎಷ್ಟು ದೊಡ್ಡದು ಮಾಡಬೇಕು? ಸಾಧ್ಯವಾದಷ್ಟು. ವಾಸಿಯಾಗುವಾಗ ಅದು ಕುಗ್ಗಿಯೇ ಕುಗ್ಗುತ್ತದೆ. ಜರ್ಮನಿಯ ವೋಲ್ಫ್‌ಗ್ಯಾಂಗ್ ಡ್ರಾಫ್ ಹಣೆ ಸೈನಸ್‌ಗೆ ಇದರ ಮೆಟ್ಟಿಲುಗಳನ್ನು ಹೇಳಿದ್ದಾರೆ. ಡ್ರಾಫ್ 2ಎ ಅಂದರೆ ಕಣ್ಣಿನ ಗೋಡೆಯಿಂದ, ಮೂಗಿನೊಳಗೆ ಚಾಚಿರುವ ಎಲುಬಿನ ಮಡಿಕೆಯಾದ ನಡುಟರ್ಬಿನೇಟ್‌ವರೆಗೆ ತೆರೆಯುವುದು, 2ಬಿ ಅಂದರೆ ಮೂಗಿನ ನಡುಗೋಡೆಯವರೆಗೆ, 3 ಅಂದರೆ ಎರಡೂ ಕಡೆಯ ಹಣೆ ಸೈನಸ್‌ಗಳ ನೆಲ ಕೊರೆದು ಒಂದೇ ದೊಡ್ಡ ಬಾಯಿ ಮಾಡುವುದು. ಮೊದಲ ಬಾರಿಯ ಸರಳ ಮ್ಯೂಕೋಸೀಲ್‌ಗೆ ಚಿಕ್ಕ ಮೆಟ್ಟಿಲು ಸಾಕು. ಹಿಂದೆ ಆಪರೇಷನ್ ಆಗಿ ಎಲುಬು ಗಟ್ಟಿಯಾಗಿ ಬೆಳೆದಿದ್ದರೆ 3 ಬೇಕಾಗಬಹುದು.

ಎಲ್ಲವೂ ಮೂಗಿನಿಂದ ಸಿಗುವುದಿಲ್ಲ. ಪಾಪೆಯ ನಡುವಿನಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆದರೆ, ಅದರಾಚೆ ಕಿವಿಯ ಕಡೆಗಿರುವ ಚೀಲಕ್ಕೆ ಸಾಧನ ಮುಟ್ಟುವುದು ಕಷ್ಟ. ಆಗ ಮೇಲಿನ ರೆಪ್ಪೆಯ ಮಡಿಕೆಯಲ್ಲೋ ಹುಬ್ಬಿನಲ್ಲೋ ಸಣ್ಣ ಸೀಳು ಹಾಕಿ ಮೇಲಿನಿಂದ ಒಬ್ಬರು, ಮೂಗಿನಿಂದ ಒಬ್ಬರು ಸೇರಿ ಕೆಲಸ ಮಾಡುತ್ತಾರೆ. ಇಎನ್‌ಟಿ ಮತ್ತು ಕಣ್ಣಿನ ಸರ್ಜನ್ ಒಂದೇ ಥಿಯೇಟರಿನಲ್ಲಿ ನಿಲ್ಲುವ ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗುವುದು ಇಂಥವರಿಗೆ ಒಳ್ಳೆಯದು. ಹೋದ ಎಲುಬಿನ ಗೋಡೆಗೆ ಸಾಮಾನ್ಯವಾಗಿ ತಗಡು, ಜಾಲರಿ ಏನೂ ಹಾಕುವುದಿಲ್ಲ. ಒತ್ತಡ ಇಳಿದ ಮೇಲೆ ತಿಂಗಳುಗಳಲ್ಲಿ ಬಹಳಷ್ಟು ಕಡೆ ಎಲುಬು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ.

ಏನು ಕೆಡಬಹುದು

ಅತಿ ಭಯದ್ದು ಕಣ್ಣುಗೂಡಿನೊಳಗಿನ ರಕ್ತಸ್ರಾವ. ಮುಂದಿನ ಎಥ್ಮಾಯ್ಡ್ ಅಪಧಮನಿ ತಲೆಬುರುಡೆಯ ತಳದಲ್ಲಿ ಅಡ್ಡ ಹಾಯುತ್ತದೆ. ಅದು ತುಂಡಾದರೆ ತುದಿ ರಬ್ಬರ್ ದಾರದಂತೆ ಕಣ್ಣುಗೂಡಿನೊಳಗೆ ಸೇದಿಕೊಂಡು ಅಲ್ಲೇ ಸುರಿಯುತ್ತದೆ. ನಿಮಿಷಗಳಲ್ಲಿ ಕಣ್ಣು ಕಲ್ಲಿನಂತೆ ಬಿಗಿಯಾಗಿ ಮುಂದೆ ಬರುತ್ತದೆ, ಪಾಪೆ ಹಿಗ್ಗುತ್ತದೆ. ರೆಟಿನಾಗೆ ರಕ್ತ ನಿಂತು ಒಂದು ಒಂದೂವರೆ ಗಂಟೆ ಕಳೆದರೆ ದೃಷ್ಟಿ ಮರಳುವುದು ಕಷ್ಟ. ಮೂಗಿನ ಪ್ಯಾಕ್ ತೆಗೆದು, ಕಣ್ಣಿನ ಹೊರಮೂಲೆ ಕತ್ತರಿಸಿ ಕೆಳರೆಪ್ಪೆಯ ಕಟ್ಟನ್ನು ಬಿಡಿಸುವುದು ತಕ್ಷಣದ ಉಪಾಯ. ಕ್ಯಾಂಥಾಟಮಿ, ಕ್ಯಾಂಥಾಲಿಸಿಸ್ ಎನ್ನುವ ಈ ಕೆಲಸ ಎರಡು ನಿಮಿಷದ್ದು, ಇದಕ್ಕಾಗಿ ಸ್ಕ್ಯಾನ್ ಕಾಯಬಾರದು. ಒತ್ತಡ ಇಳಿಸುವ ಮ್ಯಾನಿಟಾಲ್ ಔಷಧಿಯೂ ಜೊತೆಗೆ ಹೋಗುತ್ತದೆ.

ಎರಡನೆಯದು ಕಣ್ಣುಗುಡ್ಡೆಯ ಒಳಮಗ್ಗುಲಿನ ಸ್ನಾಯುವಿಗೆ ಪೆಟ್ಟು. ಗೋಡೆ ಇಲ್ಲದ ಕಡೆ ತಿರುಗುತ್ತಾ ಕತ್ತರಿಸಿ ಹೀರುವ ಮೈಕ್ರೋಡಿಬ್ರೈಡರ್ ಎಂಬ ಸಾಧನದ ಬಾಯಿ ಆ ಕಡೆಗಿದ್ದರೆ ಕೊಬ್ಬಿನ ಹಿಂದೆ ಸ್ನಾಯುವನ್ನೂ ಸೆಳೆದು ಕತ್ತರಿಸಿಬಿಡುತ್ತದೆ. ಎರಡೆರಡು ಕಾಣುವುದು ಆಗ ಶಾಶ್ವತವಾಗಬಹುದು. ಮೂರನೆಯದು ಮಿದುಳಿನ ದ್ರವದ ಸೋರಿಕೆ. ಆಗಲೇ ಕಂಡರೆ ಅಲ್ಲೇ ತೇಪೆ ಹಾಕಬಹುದು. ಮನೆಗೆ ಹೋದ ಮೇಲೆ ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ನೆಗಡಿ ಎಂದುಕೊಳ್ಳದೆ ಅವತ್ತೇ ಬರಬೇಕು.

ದೃಷ್ಟಿ ಆಗಲೇ ಇಳಿಯುತ್ತಿದ್ದರೆ, ಅದರಲ್ಲೂ ಸ್ಫಿನಾಯ್ಡ್ ಅಥವಾ ಹಿಂದಿನ ಎಥ್ಮಾಯ್ಡ್‌ನದಾದರೆ, ಲೆಕ್ಕ ಗಂಟೆಗಳದ್ದು. ಬೆಳಕೂ ಕಾಣದ ಹಂತ ತಲುಪಿ ದಿನಗಳಾದವರಲ್ಲಿ ಒತ್ತಡ ಇಳಿಸಿದರೂ ದೃಷ್ಟಿ ಮರಳುವುದು ವಿರಳ. ಬೆರಳು ಎಣಿಸುವಷ್ಟು ಕಾಣುತ್ತಿರುವಾಗಲೇ ಬಂದವರಲ್ಲಿ ಆಸೆ ಇದೆ. ಇಷ್ಟು ಅಂತರವಿರುವಾಗ ರೆಫರಲ್ ಚೀಟಿ ಹಿಡಿದು ಸೋಮವಾರದ ತನಕ ಕಾಯಿಸುವುದು ಅಕ್ಷಮ್ಯ.

ಮನೆಗೆ ಹೋದ ಮೇಲೆ

ತೊಡಕಿಲ್ಲದವರನ್ನು ಒಂದೆರಡು ದಿನದಲ್ಲಿ ಕಳಿಸುತ್ತಾರೆ. ಎರಡು ವಾರ ಮೂಗು ಸೀಟಬಾರದು. ಗೋಡೆಯಿಲ್ಲದ ಕಡೆಯಿಂದ ಗಾಳಿ ರೆಪ್ಪೆಯೊಳಗೆ ನುಗ್ಗಿ ಕಣ್ಣು ಬಲೂನಿನಂತೆ ಊದುತ್ತದೆ. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ತುಂಬಿದ ಕೊಡ, ಸಿಲಿಂಡರ್ ಎತ್ತಬಾರದು.

ಡಾಕ್ಟರು ಹೇಳಿದ ದಿನದಿಂದ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ದಿನಕ್ಕೆ ಎರಡು ಮೂರು ಸಲ. ಅರ್ಧ ಲೀಟರ್ ನೀರಿಗೆ ಮಟ್ಟಸವಾದ ಒಂದು ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಅಡುಗೆ ಸೋಡ. ನೀರು ಐದು ನಿಮಿಷ ಕುದಿಸಿ ಆರಿಸಿದ್ದಾಗಿರಬೇಕು. ನಲ್ಲಿ ನೀರು, ಬೋರ್‌ವೆಲ್ ನೀರು ನೇರವಾಗಿ ಮೂಗಿಗೆ ಬೇಡ, ಅದರಲ್ಲಿರಬಹುದಾದ ಅಮೀಬಾ ಮಿದುಳಿಗೆ ಹತ್ತಿದರೆ ಉಳಿಯುವವರು ಕಮ್ಮಿ. ಮೊದಲ ವಾರ, ಮೂರನೆಯ ವಾರ, ಆರನೆಯ ವಾರ ಹೀಗೆ ಓಪಿಡಿಯಲ್ಲಿ ಎಂಡೋಸ್ಕೋಪ್ ಹಾಕಿ ಹಕ್ಕಳೆ ತೆಗೆಸಿಕೊಳ್ಳಬೇಕು. ಕಿರಿಕಿರಿಯ ಕೆಲಸ, ತಪ್ಪಿಸಿಕೊಳ್ಳುವವರು ಬಹಳ. ಬಾಯಿ ಮುಚ್ಚಿಕೊಳ್ಳುವುದೂ ಹೆಚ್ಚಾಗಿ ಅಂಥವರಲ್ಲೇ.

ಕಣ್ಣು ಟೇಬಲ್ಲಿನ ಮೇಲೇ ಸ್ವಲ್ಪ ಹಿಂದೆ ಹೋಗುತ್ತದೆ, ಉಳಿದದ್ದು ವಾರಗಳಲ್ಲಿ. ಎರಡೆರಡು ಕಾಣುವುದು ಬಹುಮಂದಿಗೆ ಹೋಗುತ್ತದೆ. ಮೂರು ತಿಂಗಳು ಕಳೆದರೂ ಉಳಿದರೆ ಪ್ರಿಸಂ ಕನ್ನಡಕ, ಅದೂ ಸಾಲದಿದ್ದರೆ ಸ್ನಾಯುವಿನ ಆಪರೇಷನ್ ಯೋಚಿಸುತ್ತಾರೆ.

ಮರಳಿ ಬರುವ ಸಾಧ್ಯತೆ ಕಡಿಮೆ, ಆದರೆ ಬಂದರೆ ಹತ್ತು ವರ್ಷ ಬಿಟ್ಟೂ ಬರಬಹುದು. ವರ್ಷಕ್ಕೊಮ್ಮೆ ಎಂಡೋಸ್ಕೋಪ್ ಹಾಕಿಸಿಕೊಳ್ಳುತ್ತಿದ್ದರೆ ಬಾಯಿ ಕಿರಿದಾಗುತ್ತಿರುವುದು ಮೊದಲೇ ಕಾಣುತ್ತದೆ, ಆ ಹಂತದಲ್ಲಿ ಕೆಲವರಿಗೆ ಜಾಗಕ್ಕಷ್ಟೇ ಮರಗಟ್ಟಿಸಿ ಹಿಗ್ಗಿಸಿದರೆ ಸಾಕಾಗುತ್ತದೆ. ಆಪರೇಷನ್ ನೋಟ್ಸ್ ಮತ್ತು ಸ್ಕ್ಯಾನ್ ಸಿಡಿಯನ್ನು ಫೈಲಿನಲ್ಲಿ ಜೋಪಾನ ಮಾಡಿಡಬೇಕು. ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಕನ್ನಡಕ ತೆಗೆದು, ನೇರ ನೋಡುತ್ತಾ ಒಂದು ಫೋಟೋ, ಗಲ್ಲ ಎತ್ತಿ ಕೆಳಗಿನಿಂದ ಒಂದು ಫೋಟೋ ತೆಗೆದಿಡಬಹುದು. ಮುಂದಿನ ತಪಾಸಣೆಯಲ್ಲಿ ಹರ್ಟೆಲ್ ಅಳತೆಯ ಪಕ್ಕದಲ್ಲಿ ಇವನ್ನೂ ಇಟ್ಟು ನೋಡುತ್ತಾರೆ.